ಸೊನ್ನೆ ಬರೆಸಿದ ಹದಿನೇಳನೇ ದಾನಿ

ನಮ್ಮಪ್ಪ ನನಗೆ ಫ್ಲೆಕ್ಸ್ ಹಾಕಿಸಿದ್ದು ಸೈಟೇಶನ್ ಲೆಕ್ಕಕ್ಕೆ. ಮದುವೆಯಾದಾಗ ಹಾಕಿಸಲಿಲ್ಲ, ಪಿಎಚ್.ಡಿ. ಬಂದಾಗಲೂ ಹಾಕಿಸಲಿಲ್ಲ. ೨೦೨೨ರ ಅಕ್ಟೋಬರಿನ ಒಂದು ಭಾನುವಾರ ತವರಿನಲ್ಲಿ ಊಟಕ್ಕೆ ಕೂತಿದ್ದಾಗ, ನನ್ನ ಸೈಟೇಶನ್ ಸಾವಿರ ದಾಟಿತು ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಮುಗೀತು. ಒಂದೇ ವಾರದಲ್ಲಿ ಹೇರೋಹಳ್ಳಿ ಕ್ರಾಸಿನಲ್ಲಿ ಹದಿನೈದು ಅಡಿ ಎತ್ತರದ ನಾನು ಕೈಮುಗಿದು ನಿಂತಿದ್ದೆ.

ಸೈಟೇಶನ್ ಎಂದರೆ ಬೇರೇನಲ್ಲ. ನಾವು ಬರೆದ ಪ್ರಬಂಧವನ್ನು ಇನ್ನೊಬ್ಬ ಸಂಶೋಧಕ ತನ್ನ ಪ್ರಬಂಧದಲ್ಲಿ ಆಧಾರವಾಗಿ ಹೆಸರಿಸಿದರೆ ನಮಗೆ ಒಂದು ಸೈಟೇಶನ್. ಅಪ್ಪನಿಗೆ ಹೀಗೇ ಬಿಡಿಸಿ ಹೇಳಿದ್ದೆ.

"ಅಂದ್ರೆ ಸಾವಿರ ಜನ ನಿನ್ನ ಹೆಸ್ರು ಹೇಳ್ಕೊಂಡು ಬರ್ದವ್ರೆ ಅನ್ನು" ಎಂದರು ಅಪ್ಪ. ಅವರ ಹೆಸರು ನಂಜುಂಡಪ್ಪ. ಹೇರೋಹಳ್ಳಿಯಲ್ಲಿ ಹೊಲಗಳಿದ್ದ ಕಾಲದ ರೈತ, ಈಗ ಮೂರು ಮನೆಗಳ ಮಾಲೀಕ.

ಫ್ಲೆಕ್ಸ್ ಅಚ್ಚು ಹಾಕಿದ್ದು ಅಮ್ಮನ ತಮ್ಮ ಕಿಟ್ಟಿ ಮಾವ. ಅತ್ತಿಗುಪ್ಪೆಯಲ್ಲಿ ಅವನ ಅಂಗಡಿ. "ಕಿಡ್ನಿ ಕಸಿ ಅರ್ಥಶಾಸ್ತ್ರದಲ್ಲಿ ಸಾವಿರ ಸೈಟೇಶನ್ ಬಾರಿಸಿದ ನಮ್ಮೂರ ಹೆಮ್ಮೆಯ ಪುತ್ರಿ ಡಾ. ಚೈತ್ರ ಅವರಿಗೆ ಹಾರ್ದಿಕ ಅಭಿನಂದನೆಗಳು" ಎಂದು ಬರೆಸಿದ್ದ. ಬಾರಿಸಿದ ಅಂತೆ! ಕೆಳಗಡೆ ಸಾಲಾಗಿ ದುಂಡು ದುಂಡು ಚೌಕಟ್ಟುಗಳಲ್ಲಿ ಅಪ್ಪ, ಕರಿ ಕನ್ನಡಕದ ಕಿಟ್ಟಿ ಮಾವ, ಕೇಬಲ್ ಮಹದೇವ್, ಗೆಳೆಯರ ಬಳಗದ ಇನ್ನೂ ಒಂಬತ್ತು ಜನ. ನಮ್ಮಮ್ಮ ಲಕ್ಷ್ಮಿದೇವಮ್ಮ ಮಾತ್ರ ಎಲ್ಲೂ ಇಲ್ಲ.

"ಮಾವ, ಅಮ್ಮ ಎಲ್ಲಿ?" ಎಂದು ಗದರಿದೆ.

"ಜಾಗ ಸಾಲ್ಲಿಲ್ಲ ಕಣಮ್ಮ" ಎಂದ.

ಅಮ್ಮನಿಗೂ ಅದೇನೂ ದೊಡ್ಡ ವಿಷಯವಲ್ಲ. "ನನ್ನ ಮುಖ ಯಾಕೆ ರೋಡಲ್ಲಿ? ಬಿಡು ಅತ್ಲಾಗೆ" ಎಂದು ಒಳಗೆ ಹೋದರು.

ನಿಜ ಹೇಳಬೇಕೆಂದರೆ ನನಗೆ ನಾಚಿಕೆಗಿಂತ ಹೆಚ್ಚಾಗಿ ಹೆಮ್ಮೆಯೇ ಆಗಿತ್ತು. ಜ್ಞಾನಭಾರತಿ ಹತ್ತಿರದ ಒಂದು ಸಂಸ್ಥೆಯಲ್ಲಿ ನಾನು ಸಹಪ್ರಾಧ್ಯಾಪಕಿ. ಕಾಯಿಲೆಗೂ ಚಿಕಿತ್ಸೆಗೂ ಜನರು ತೆರುವ ಬೆಲೆ ಎಷ್ಟು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಪ್ರಾಧ್ಯಾಪಕ ಹುದ್ದೆಗೆ ಆಗಷ್ಟೇ ಅರ್ಜಿ ಕರೆದಿದ್ದರು. ಸಂದರ್ಶನದ ದಿನಕ್ಕೆ ಕನಿಷ್ಠ ಐನೂರು ಸೈಟೇಶನ್ ಇರಬೇಕು ಎಂಬುದು ನಿಯಮ. ನನ್ನ ಹತ್ತಿರ ಸಾವಿರದ ಆರು ಇದ್ದವು. ಅದರಲ್ಲಿ ಆರುನೂರ ನಲವತ್ತೆಂಟು ಒಂದೇ ಪ್ರಬಂಧಕ್ಕೆ ಬಂದಂಥವು. ೨೦೧೫ರಲ್ಲಿ ಬರೆದದ್ದು. ತಮ್ಮವರಿಗೆ ಕಿಡ್ನಿ ಕೊಟ್ಟ ಇನ್ನೂರ ಹನ್ನೆರಡು ದಾನಿಗಳನ್ನು ಮಾತಾಡಿಸಿ, ದಾನಿಗೆ ಆಗುವ ಆದಾಯ ನಷ್ಟ ಅತ್ಯಲ್ಪ ಎಂದು ಸಾಬೀತು ಮಾಡಿದ ಪ್ರಬಂಧ. ಬ್ರೆಜಿಲ್‌ನಿಂದ ಜಪಾನ್‌ವರೆಗೆ ಎಲ್ಲರೂ ಅದನ್ನೇ ಹೆಸರಿಸುತ್ತಿದ್ದರು.

ನವೆಂಬರ್ ಒಂದಕ್ಕೆ ಗೆಳೆಯರ ಬಳಗದ ರಾಜ್ಯೋತ್ಸವ. ನನ್ನನ್ನು ವೇದಿಕೆ ಹತ್ತಿಸಿ ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು. ಪಕ್ಕದಲ್ಲಿ ಅಪ್ಪ, ಎದೆ ಉಬ್ಬಿಸಿಕೊಂಡು. "ಏನು ಕಂಡುಹಿಡಿದ್ರಿ ಅಂತ ಎರಡು ಮಾತಲ್ಲಿ ಹೇಳಿ ಮೇಡಂ" ಎಂದ ಮಹದೇವ್. ನಾನೂ ಮೈಕ್ ಹಿಡಿದು, ಕಿಡ್ನಿ ಕೊಡಲು ಯಾರೂ ಹೆದರಬೇಕಿಲ್ಲ, ಕೊಟ್ಟವರಿಗೆ ದುಡಿಮೆಯ ನಷ್ಟ ಹೆಚ್ಚೇನೂ ಆಗುವುದಿಲ್ಲ, ಇದನ್ನು ಲೆಕ್ಕ ಸಮೇತ ತೋರಿಸಿದ್ದೇನೆ ಎಂದೆ. ಜೋರು ಚಪ್ಪಾಳೆ.

ಚಪ್ಪಾಳೆ ನಿಂತ ಮೇಲೆ ಮುಂದಿನ ಸಾಲಿನಿಂದ ಚಿಕ್ಕಗಂಗಮ್ಮನ ದನಿ ಎದ್ದಿತು. ನಮ್ಮ ಬೀದಿಯ ಹಿರಿಯ ಹೆಂಗಸು, ಅಮ್ಮನ ಜೊತೆಗಾತಿ. ಅವರಿಗೆ ಮೈಕ್ ಬೇಕಿಲ್ಲ.

"ಅಲ್ಲ ಕಣವ್ವ ಚೈತ್ರ, ನಷ್ಟ ಇಲ್ಲ ಅಂತ ಯಾವಳವ್ವ ಹೇಳಿದ್ದು? ನಿಮ್ಮವ್ವ ನಿಮ್ಮಪ್ಪಂಗೆ ಕಿಡ್ನಿ ಕೊಟ್ಟ ತಿಂಗ್ಳಲ್ಲೇ ಆರು ಹಸ ಮಾರ್ಕಂಡ್ಲಲ್ಲ! ಎರಡನ್ನ ನಾನೇ ಹೊಡ್ಕಂಡು ಬಂದೆ. ಹಗ್ಗ ಕೈಲಿ ಹಿಡ್ಕಂಡು ಅಳ್ತಾ ನಿಂತಿದ್ಲು."

ಜನ ನಕ್ಕರು. ನಾನು ನಗಲಿಲ್ಲ. ಅಮ್ಮನನ್ನು ಹುಡುಕಿದರೆ ಅವರು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಚಪ್ಪಲಿ ಹುಡುಕುತ್ತಿದ್ದರು. ಅಪ್ಪ ಕುರ್ಚಿಯ ಮೇಲೆ ಹಾಗೇ ಕೂತಿದ್ದರು.

ಅಪ್ಪನಿಗೆ ಕಸಿ ಆದದ್ದು ೨೦೧೦ರಲ್ಲಿ, ಕಿಡ್ನಿ ಕೊಟ್ಟವರು ಅಮ್ಮ. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಅಪ್ಪನ ಜೊತೆ ಇದ್ದವಳು ನಾನು. ಮನೆಗೆ ಬಂದಾಗ ಕೊಟ್ಟಿಗೆ ಖಾಲಿಯಾಗಿತ್ತು. "ಸುತ್ತ ಎಲ್ಲಾ ಸೈಟ್ ಆಯ್ತಲ್ಲ, ಮೇಯಕ್ಕೆ ಜಾಗ ಎಲ್ಲಿದೆ? ಕೊಟ್ಬಿಟ್ಟೆ" ಎಂದಿದ್ದರು ಅಮ್ಮ. ನಂಬಿದ್ದೆವು. ಹಸು ಮಾರಿದರೂ ಅದರ ಹಗ್ಗ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ಅದು ಮನೆಯಲ್ಲೇ ಉಳಿಯಬೇಕು. ಆ ಆರು ಹಗ್ಗಗಳು ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಲೇ ಇದ್ದವು. ಎರಡನ್ನು ಗಂಟು ಹಾಕಿ, ಬಟ್ಟೆ ಒಣಹಾಕಲು ಕಟ್ಟಿಕೊಂಡ ಮಹಾತಾಯಿ ನಾನೇ.

ಮನೆಗೆ ಬಂದು, ಪೇಟ ಕೂಡ ತೆಗೆಯದೆ ಕೇಳಿದೆ. "ಅಮ್ಮಾ, ಹಸು ಯಾಕೆ ಮಾರಿದ್ದು?"

"ಆ ಗಂಗಿಗೆ ಬಾಯಿ ಸುಮ್ನಿರಲ್ಲ" ಎಂದರು.

"ಅಮ್ಮಾ!"

"ಡಾಕ್ಟ್ರು ನನ್ನೊಬ್ಬಳನ್ನೇ ಕರ್ದು ಹೇಳಿದ್ರು. ಇವ್ರಿಗೆ ಸೋಂಕು ಬೇಗ ತಗಲ್ತದೆ, ಸಗಣಿ ಗಂಜಲದ ಹತ್ರ ಬಿಡಬೇಡಿ ಅಂತ. ನಂಗೂ ಪಕ್ಕೆ ಹೊಲಿಗೆ. ಬಗ್ಗಿ ಹಾಲು ಕರೆಯಕ್ಕಾಯ್ತದಾ, ಬಕೆಟ್ ಎತ್ತಕ್ಕಾಯ್ತದಾ? ನಿಮ್ಮಪ್ಪನಿಗೆ ಹೇಳಿದ್ರೆ, ನನ್ನಿಂದ ಹೋಯ್ತು ಅಂತ ಕೊರಗ್ತಿದ್ರು. ಹೋಗ್ಲಿ, ಕಾಫಿ ಕುಡೀತೀಯಾ?"

ಅಪ್ಪ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಹನ್ನೆರಡು ವರ್ಷಗಳಿಂದ, ಹಸು ಹೋದ ಮೇಲೆ ನಮ್ಮವಳು ಸೀರಿಯಲ್ ನೋಡಿಕೊಂಡು ಸೋಂಬೇರಿಯಾದಳು ಎಂದು ನೆಂಟರ ಮುಂದೆಲ್ಲ ರೇಗಿಸುತ್ತಿದ್ದ ಮನುಷ್ಯ. ಹೊರಗೆ ಹೋಗಿ ಜಗಲಿಯ ಮೇಲೆ ಕೂತರು.

ಮರುದಿನ ಸಂಸ್ಥೆಗೆ ಹೋಗಿ ಹಳೆಯ ನಮೂನೆಗಳ ಕಟ್ಟು ಬಿಚ್ಚಿದೆ. ದಾನಿ ಸಂಖ್ಯೆ ಹದಿನೇಳು, ನಮ್ಮಮ್ಮ. ತುಂಬಿದ ಅಕ್ಷರ ನನ್ನದೇ. ಉದ್ಯೋಗ: ಗೃಹಿಣಿ. ಆದಾಯ ನಷ್ಟ: ಸೊನ್ನೆ. ಆ ದಿನ ಅಡುಗೆಮನೆಯಲ್ಲಿ ಕೂತು ಕೇಳಿದ್ದೆ. "ನಂಗೇನು ನಷ್ಟ, ಮನೇಲಿರೋಳು. ಹಾಕ್ಕೋ ಸೊನ್ನೆ" ಎಂದಿದ್ದರು. ನಾನೂ ಹಾಕಿಕೊಂಡಿದ್ದೆ! ಆರು ಹಸುಗಳ ಹಾಲನ್ನು ಬಸವೇಶ್ವರನಗರದ ಮನೆಮನೆಗೆ ಹಾಕಿ, ಆ ದುಡ್ಡಿನಲ್ಲೇ ನನ್ನ ಬಿ.ಎ., ಎಂ.ಎ. ಫೀಸು ಕಟ್ಟಿದ ಹೆಂಗಸಿನ ಮುಂದೆ ಕೂತು, ಅರ್ಥಶಾಸ್ತ್ರದ ಡಾಕ್ಟರೇಟ್ ಇಟ್ಟುಕೊಂಡು ಸೊನ್ನೆ ಬರೆದಿದ್ದೆ. ನನಗೆ ನನ್ನ ಮೇಲೆ ಬಂದ ಸಿಟ್ಟಿಗೆ ಪೆನ್ನು ಎಸೆದೆ. ಅದು ಹೋಗಿ ಜವಾನ ಯಲ್ಲಪ್ಪನಿಗೆ ಬಿತ್ತು, ಪಾಪ.

ಇನ್ನೂರ ಹನ್ನೆರಡರಲ್ಲಿ ನೂರ ಐವತ್ತೊಂದು ದಾನಿಗಳು ಹೆಂಗಸರು. ತಾಯಂದಿರು, ಹೆಂಡತಿಯರು, ಅಕ್ಕಂದಿರು. ಅವರಲ್ಲಿ ನೂರ ಇಪ್ಪತ್ತೊಂಬತ್ತು ಜನರ ಮುಂದೆ ಸೊನ್ನೆ.

ಮುಂದಿನ ಭಾನುವಾರ ತವರಿನಲ್ಲಿ ಕೂತು ಹತ್ತು ಜನರಿಗೆ ಫೋನ್ ಮಾಡಿ ಮತ್ತೆ ಕೇಳಿದೆ. ಕಿಡ್ನಿ ಕೊಟ್ಟಿದ್ದರಿಂದ ನಿಮಗೆ ಆದಾಯ ನಷ್ಟ ಆಯಿತಾ? ಹತ್ತಕ್ಕೆ ಹತ್ತೂ ಜನ, "ಇಲ್ಲ ಮೇಡಂ, ಮನೇಲೇ ಇರೋದು" ಎಂದರು. ಸುಳ್ಳು ಯಾಕೆ ಹೇಳಲಿ, ನನಗೆ ಜೀವ ಬಂದಂತಾಯಿತು. ಪ್ರಬಂಧ ಉಳಿಯಿತು, ನಮ್ಮಮ್ಮನದೊಂದೇ ಬೇರೆ ಕಥೆ ಎಂದುಕೊಂಡೆ. ಅಮ್ಮ ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಿದ್ದರು.

"ಹಂಗೆ ಕೇಳಿದ್ರೆ ಯಾವ ಹೆಂಗ್ಸು ಹೇಳ್ತಾಳೆ? ಗಂಡನಿಗೋ ಮಗನಿಗೋ ಕೊಟ್ಟಿದ್ದಕ್ಕೆ ಬೆಲೆ ಕಟ್ಟಿದಂಗೆ ಆಗಲ್ವಾ? ಇಲ್ಲಿ ಕೊಡು ಫೋನು" ಎಂದರು.

ಕೆಂಗೇರಿಯ ಒಬ್ಬ ತಾಯಿಗೆ ಮತ್ತೆ ಕರೆ ಹೋಯಿತು. ಅಮ್ಮ ಕೇಳಿದ್ದು ಇಷ್ಟು. "ಆಪರೇಷನ್‌ಗೆ ಮುಂಚೆ ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತಿದ್ರಮ್ಮ? ಎದ್ದು ಏನೇನು ಮಾಡ್ತಿದ್ರಿ? ಈಗ ಅದನ್ನ ಯಾರು ಮಾಡ್ತಾರೆ?"

ಆಕೆ ನಲವತ್ತು ನಿಮಿಷ ಮಾತಾಡಿದರು. ಮೂರೂವರೆಗೆ ಎದ್ದು ಹೂವು ತಂದು, ಕಟ್ಟಿ, ಬಸ್ ಸ್ಟಾಂಡಿನಲ್ಲಿ ಮಾರುತ್ತಿದ್ದರಂತೆ. ಹೊಲಿಗೆ ಬಿಚ್ಚಿದ ಮೇಲೂ ಆರು ತಿಂಗಳು ಚಕ್ಕಳಮಕ್ಕಳ ಹಾಕಿ ಕೂರಲಾಗದೆ ಆ ಜಾಗ ಬೇರೆಯವರ ಪಾಲಾಯಿತಂತೆ. ಸಂಜೆಯೊಳಗೆ ಅದೇ ಹತ್ತು ಜನರಲ್ಲಿ ಎಂಟು ಜನರ ಸೊನ್ನೆ ಅಳಿಸಿಹೋಯಿತು.

ನಮ್ಮ ವಿಭಾಗದ ಮುಖ್ಯಸ್ಥರು ಸುಧೀಂದ್ರ ಸರ್. ರಾಜಾಜಿನಗರದವರು, ಕೆಟ್ಟವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, "ಚೈತ್ರಾ, ತಪ್ಪು ಎಲ್ಲರ ಪ್ರಬಂಧದಲ್ಲೂ ಇರತ್ತೆ. ಜನವರಿಯಲ್ಲಿ ಇಂಟರ್‌ವ್ಯೂ. ಅಲ್ಲೀವರೆಗೆ ಸುಮ್ನಿರಿ, ಆಮೇಲೆ ಬೇಕಾದ್ರೆ ತಿದ್ದುಪಡಿ ಬರೀರಿ" ಎಂದರು.

"ಅಷ್ಟು ದಿನ ಕಾಯೋಕಾಗಲ್ಲ ಸರ್" ಎಂದೆ. ಕಸಿಗೆ ಸಹಾಯಧನ ಎಷ್ಟಿರಬೇಕೆಂದು ಶಿಫಾರಸು ಮಾಡಲು ಒಂದು ತಜ್ಞರ ಸಮಿತಿ ಕೂತಿತ್ತು. ದಾನಿಗೆ ಪ್ರತ್ಯೇಕ ನೆರವು ಬೇಕಿಲ್ಲ ಎಂದು ಕರಡಿನಲ್ಲಿ ಬರೆದಿದ್ದರು. ಆಧಾರ? ನನ್ನ ಪ್ರಬಂಧ. ಡಿಸೆಂಬರಿನಲ್ಲಿ ಅದು ಅಂತಿಮವಾಗುವುದಿತ್ತು.

"ಅದನ್ನ ವಾಪಸ್ ತಗೊಂಡ್ರೆ ನಿಮ್ಮ ಹತ್ರ ಉಳಿಯೋದು ಮುನ್ನೂರ ಐವತ್ತೆಂಟು. ಅರ್ಜಿನೇ ತಿರಸ್ಕಾರ ಆಗತ್ತೆ, ಗೊತ್ತಲ್ಲ?"

ಗೊತ್ತಿಲ್ಲದೆ ಏನು? ಹದಿಮೂರು ವರ್ಷ ಆ ಕುರ್ಚಿಗೆ ಕಾದವಳು ನಾನು. ಅವರ ಕೋಣೆಯಿಂದ ಹೊರಬಂದು, ಕ್ಯಾಂಪಸ್ಸಿನ ಮರದ ಕೆಳಗೆ ಕೂತು ಚೆನ್ನಾಗಿ ಅತ್ತೆ. ಅತ್ತು ಮುಗಿದ ಮೇಲೆ ಪ್ರಬಂಧ ಪ್ರಕಟಿಸಿದ್ದ ಪತ್ರಿಕೆಯ ಸಂಪಾದಕರಿಗೆ ಬರೆದೆ: ಪ್ರಶ್ನೆ ಕೇಳಿದ ರೀತಿಯೇ ತಪ್ಪಾಗಿತ್ತು, ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತೇನೆ. ಸಮಿತಿಗೂ ಒಂದು ಪ್ರತಿ ಕಳಿಸಿದೆ. ಹುದ್ದೆಯ ಅರ್ಜಿಯಲ್ಲಿ ಮುನ್ನೂರ ಐವತ್ತೆಂಟು ಎಂದು ತಿದ್ದಿದೆ. ಸಹಾಯಧನದ ಸಮಿತಿಯವರು ದಾನಿಗೆ ನೆರವು ಬೇಕಿಲ್ಲ ಎಂಬ ಸಾಲನ್ನು ತಡೆಹಿಡಿದು, ಹೊಸ ಲೆಕ್ಕ ಬರಲಿ ಎಂದರು.

"ಅಪ್ಪಾ, ಸಾವಿರ ಹೋಯ್ತು" ಎಂದು ಮನೆಗೆ ಬಂದು ಹೇಳಿದೆ.

"ಹೋಗ್ಲಿ ಬಿಡು. ಫ್ಲೆಕ್ಸ್ ನಾನಾಗ್ಲೇ ಬಿಚ್ಚಾಕಿದೀನಿ" ಎಂದರು. ಹದಿನೈದು ಅಡಿಯ ನಾನು ಹಿತ್ತಲಲ್ಲಿ ಸೌದೆಯ ಮೇಲೆ ಹೊದ್ದುಕೊಂಡು ಬಿದ್ದಿದ್ದೆ.

ಆಮೇಲೆ ನಡೆದದ್ದನ್ನು ದೇವರ ದಯೆ ಎನ್ನಿ, ಆಡಳಿತದ ದಯೆ ಎನ್ನಿ. ಜನವರಿಯ ಸಂದರ್ಶನ ಮುಂದಕ್ಕೆ ಹೋಯಿತು. ವಿಧಾನಸಭೆ ಚುನಾವಣೆಯ ನೀತಿ ಸಂಹಿತೆ ಬಂತೆಂದು ಇನ್ನೊಮ್ಮೆ ಹೋಯಿತು. ಯಾರೋ ಕೋರ್ಟಿಗೆ ಹೋದರೆಂದು ಮತ್ತೊಮ್ಮೆ. ಬೇರೆಯವರೆಲ್ಲ ಶಾಪ ಹಾಕುತ್ತಿದ್ದರೆ ನಾನೊಬ್ಬಳೇ ಖುಷಿಯಾಗಿದ್ದೆ.

ಯಾಕೆಂದರೆ ನಮ್ಮ ಮನೆಯ ಹಳೇ ಕೊಟ್ಟಿಗೆ ಆಗ ಕಚೇರಿಯಾಗಿತ್ತು. ಸಂದರ್ಶನ ಮಾಡುವವರಿಗೆ ತರಬೇತಿ ಆಗಿರಬೇಕು ಎಂದಿತು ನಮ್ಮ ಸಂಸ್ಥೆಯ ನೈತಿಕ ಸಮಿತಿ. ಅಮ್ಮ ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವರು. ಒಂದು ವಾರ ಕೂತು ಓದಿ ಪರೀಕ್ಷೆ ಬರೆದರು, ನೂರಕ್ಕೆ ಎಂಬತ್ತೆಂಟು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಮನೆಯ ಪಕ್ಕ ನೇತುಹಾಕಿದರು. ನನಗೆ ಬಂದದ್ದು ಎಂಬತ್ತನಾಲ್ಕು, ಅದನ್ನು ಈಗಲೂ ಎತ್ತಿ ಆಡುತ್ತಾರೆ.

ನೂರ ಐವತ್ತೊಂದು ಹೆಂಗಸರಲ್ಲಿ ನೂರ ಮೂವತ್ತೆಂಟು ಜನ ಸಿಕ್ಕರು. ಅಮ್ಮ ಕೇಳುವುದು, ನಾನು ಬರೆದುಕೊಳ್ಳುವುದು. ಅಪ್ಪ ತಾವಾಗಿ ಬಂದು ನಂಬರ್ ಒತ್ತಿ ಕೊಡುವ ಕೆಲಸ ಹಿಡಿದರು. ಅಗರಬತ್ತಿ ಹೊಸೆಯುತ್ತಿದ್ದವರು, ರವಿಕೆ ಹೊಲಿಯುತ್ತಿದ್ದವರು, ಹಪ್ಪಳ ಒತ್ತುತ್ತಿದ್ದವರು, ವಿಜಯನಗರದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಒಬ್ಬ ಸೀತಾ ಟೀಚರ್. ಎಲ್ಲರೂ ಮನೇಲಿರೋರು! ದಿನಾ ಅಪ್ಪ ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಕೊನೆಯ ಕರೆ ಮುಗಿದ ದಿನ ನಾನು ಕಾಗದ ಜೋಡಿಸುತ್ತಿದ್ದೆ. ಅಪ್ಪ, "ಹದಿನೇಳನೇ ನಂಬರು ಉಳಿದದೆ" ಎಂದರು. ಖಾಲಿ ನಮೂನೆ ಎಳೆದುಕೊಂಡು, ಪೆನ್ನು ಹಿಡಿದು, ಅಮ್ಮನ ಎದುರು ಕೂತರು.

"ಆಪರೇಷನ್‌ಗೆ ಮುಂಚೆ ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತಿದ್ದೆ ಲಕ್ಷ್ಮೀ?"

"ಏನ್ರೀ ಇದು, ಮಗಳ ಮುಂದೆ" ಎಂದರು ಅಮ್ಮ.

"ಹೇಳು. ಎದ್ದು ಏನೇನು ಮಾಡ್ತಿದ್ದೆ?"

ಅಮ್ಮ ಹಗ್ಗ ನೇತಾಡುವ ಗೂಟದ ಕಡೆ ತಿರುಗಿದರು. ಆಮೇಲೆ ಹೇಳತೊಡಗಿದರು. ನಾಲ್ಕಕ್ಕೆ ಏಳುತ್ತಿದ್ದೆ. ಮೊದಲು ಗೌರಿಗೆ ಹಿಂಡಿ, ಅವಳಿಗೆ ತಡೆಯುತ್ತಿರಲಿಲ್ಲ. ಆಮೇಲೆ ಕೆಂಪಿ, ತುಂಗೆ, ಕಾವೇರಿ. ಬೆಳ್ಳಿ ಒದೆಯುತ್ತಿದ್ದಳು. ಪುಟ್ಟಿ ಚೊಚ್ಚಲು, ಮಾರುವಾಗ ಎಂಟು ತಿಂಗಳ ಗಬ್ಬ. ಹೇಳುತ್ತ ಹೇಳುತ್ತ ಅಮ್ಮ ಅತ್ತರು. ಅಪ್ಪ ಒಂದೊಂದು ಹೆಸರನ್ನೂ ದಪ್ಪ ಅಕ್ಷರದಲ್ಲಿ ಬರೆದುಕೊಂಡರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಈಗ ಅದನ್ನ ಯಾರು ಮಾಡ್ತಾರೆ?" ಎಂಬ ಕೊನೆಯ ಪ್ರಶ್ನೆಯನ್ನು ಅವರಿಂದ ಕೇಳಲಾಗಲಿಲ್ಲ. ಅದನ್ನು ನಾನು ಕೇಳಿದೆ.

೨೦೨೪ರ ಜನವರಿಯಲ್ಲಿ ಹೊಸ ಪ್ರಬಂಧ ಪ್ರಕಟವಾಯಿತು. ಸೊನ್ನೆ ಎಂದಿದ್ದ ಹೆಂಗಸರಲ್ಲಿ ಹತ್ತಕ್ಕೆ ಎಂಟು ಜನ ಒಂದಲ್ಲ ಒಂದು ದುಡಿಮೆ ಕಳೆದುಕೊಂಡಿದ್ದರು. ಲೇಖಕರು ಇಬ್ಬರು, ನಾನು ಮತ್ತು ಅಮ್ಮ. ಅಮ್ಮನ ಸಂಸ್ಥೆ ಯಾವುದು ಎಂದು ಸಂಪಾದಕರು ಮೂರು ಸಲ ಕೇಳಿದರು. ಮೂರು ಸಲವೂ "ಹೇರೋಹಳ್ಳಿ, ಬೆಂಗಳೂರು" ಎಂದೇ ಬರೆದೆ, ಕೊನೆಗೆ ಹಾಗೇ ಅಚ್ಚಾಯಿತು. ಹಳೆಯದನ್ನು ಹೆಸರಿಸಿದ್ದವರೇ ಹುಡುಕಿಕೊಂಡು ಬಂದು ಹೊಸದನ್ನು ಹೆಸರಿಸತೊಡಗಿದರು. ಸಮಿತಿಯ ವರದಿಯಲ್ಲಿ ದಾನಿಗೂ ನೆರವು ಎಂಬ ಸಾಲು ಸೇರಿತು, ಆಧಾರ ನಮ್ಮಿಬ್ಬರ ಪ್ರಬಂಧ. ಆ ಪುಟವನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು ಎದ್ದು ಹೋಗಿ ಬೀದಿಗೆಲ್ಲ ಮೈಸೂರ್ ಪಾಕ್ ಹಂಚಿಬಂದರು.

ಆಮೇಲೆ ನಮ್ಮ ಮನೆಯಲ್ಲಿ ಕ್ರಿಕೆಟ್ ನಿಂತುಹೋಯಿತು. ಅಪ್ಪ ಬೆಳಿಗ್ಗೆ ಮಾತ್ರೆ ನುಂಗಿದ ತಕ್ಷಣ ಫೋನ್ ತೆಗೆದು ನನ್ನ ಸೈಟೇಶನ್ ಪುಟ ನೋಡುವುದು, ಸ್ಕೋರ್ ಕೂಗುವುದು. "ನಾನೂರ ಅರವತ್ತು! ನಾನೂರ ತೊಂಬತ್ತೊಂದು!" ಐನೂರನೆಯದು ೨೦೨೫ರ ಮೇ ತಿಂಗಳಲ್ಲಿ ಮೆಕ್ಸಿಕೋದಿಂದ ಬಂತು. ಅಲ್ಲಿಯ ಸಂಶೋಧಕಿಯರು ತಮ್ಮ ದಾನಿ ಹೆಂಗಸರನ್ನೂ ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದರು. ಆ ಕೇಳುವ ಕ್ರಮಕ್ಕೆ ಒಂದು ಹೆಸರನ್ನೂ ಇಟ್ಟಿದ್ದರು: ಲಕ್ಷ್ಮಿದೇವಮ್ಮ ಪ್ರಶ್ನೆ.

ಓದಿ ಹೇಳಿದೆ. ಅಮ್ಮ ಒಗ್ಗರಣೆ ಹಾಕುತ್ತಿದ್ದವರು ಒಲೆ ಆರಿಸಿದರು. "ಅವ್ರಿಗೆ ನನ್ನ ಹೆಸ್ರು ಹೇಳಕ್ಕೆ ಬರ್ತದಾ?" ಎಂದು ಕೇಳಿದರು.

ಜುಲೈನಲ್ಲಿ ಕೊನೆಗೂ ಸಂದರ್ಶನ ನಡೆಯಿತು. ಆ ದಿನದ ಲೆಕ್ಕ ಐನೂರ ಹದಿನೇಳು. ಹೊರಗಿನಿಂದ ಬಂದ ತಜ್ಞರೊಬ್ಬರು ನನ್ನ ಪಟ್ಟಿ ತಿರುವುತ್ತ, "ಸಾವಿರ ಇದ್ದದ್ದನ್ನ ನೀವೇ ಕಳ್ಕೊಂಡ್ರಂತೆ?" ಎಂದರು. "ಹೌದು ಸರ್. ತಪ್ಪು ಲೆಕ್ಕ ಇತ್ತು, ಬಿಟ್ಟೆ" ಎಂದೆ. "ಈ ಲಕ್ಷ್ಮಿದೇವಮ್ಮ ಯಾವ ವಿಶ್ವವಿದ್ಯಾಲಯದವರು?" ಎಂದರು. "ಹೇರೋಹಳ್ಳಿ ಸರ್, ಎರಡನೇ ಕ್ರಾಸು. ಹಾಲಿನ ವ್ಯಾಪಾರ ಮಾಡ್ತಿದ್ರು. ನಮ್ಮಮ್ಮ" ಎಂದೆ. ಸುಧೀಂದ್ರ ಸರ್ ಮೂಲೆಯಲ್ಲಿ ಕೂತು ನಗುತ್ತಿದ್ದರು. ಹತ್ತು ದಿನಕ್ಕೆ ಆದೇಶ ಕೈಗೆ ಬಂತು. ನಾನು ಪ್ರಾಧ್ಯಾಪಕಿ!

ಸಿಹಿ ತೆಗೆದುಕೊಂಡು ಆ ಭಾನುವಾರ ತವರಿಗೆ ಹೊರಟರೆ ಕ್ರಾಸಿನಲ್ಲಿ ಜನ ಸೇರಿದ್ದರು. ಹೊಸ ಫ್ಲೆಕ್ಸ್. ನಂದೇ ಇರಬೇಕೆಂದು ತಲೆಗೂದಲು ಸರಿಮಾಡಿಕೊಂಡು ಸ್ಕೂಟರ್ ನಿಲ್ಲಿಸಿದೆ.

ಹದಿನೈದು ಅಡಿ ಎತ್ತರಕ್ಕೆ ಅಮ್ಮ ನಿಂತಿದ್ದರು. "ಮೆಕ್ಸಿಕೋವರೆಗೆ ಪ್ರಶ್ನೆ ಕೇಳಿದ ನಮ್ಮ ಮನೆಯ ಲಕ್ಷ್ಮಿದೇವಮ್ಮ ಅವರಿಗೆ ಅಭಿನಂದನೆಗಳು. ಇಂತಿ, ಕಿಡ್ನಿ ಪಡೆದ ನಂಜುಂಡಪ್ಪ" ಎಂದಿತ್ತು. ಕೆಳಗಿನ ಸಾಲಿನ ದುಂಡು ಚೌಕಟ್ಟುಗಳಲ್ಲಿ ಕಿಟ್ಟಿ ಮಾವ ಇಲ್ಲ, ಮಹದೇವ್ ಇಲ್ಲ, ಗೆಳೆಯರ ಬಳಗ ಇಲ್ಲ. ಆರು ಹಸುಗಳಿದ್ದವು. ಒಂದೊಂದರ ಕೆಳಗೂ ಹೆಸರು: ಗೌರಿ, ಕೆಂಪಿ, ತುಂಗೆ, ಕಾವೇರಿ, ಬೆಳ್ಳಿ, ಪುಟ್ಟಿ.

"ಮಾವ, ನಾನೆಲ್ಲಿ?" ಎಂದೆ.

"ಜಾಗ ಸಾಲ್ಲಿಲ್ಲ ಕಣಮ್ಮ" ಎಂದ ಕಿಟ್ಟಿ ಮಾವ.

ಅಮ್ಮ ಚಿಕ್ಕಗಂಗಮ್ಮನ ಕೈ ಹಿಡಿದುಕೊಂಡು, ತಲೆ ಎತ್ತಿ, ಬಹಳ ಹೊತ್ತು ನೋಡಿದರು. ಕಣ್ಣು ತುಂಬಿತ್ತು. ಅಪ್ಪ ಪಕ್ಕದಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ನಿಂತಿದ್ದರು.

ಕೊನೆಗೆ ಅಮ್ಮ ಬಾಯಿಬಿಟ್ಟರು. "ಇದು ಗೌರಿ ಅಲ್ಲ. ಗೌರಿಗೆ ಹಣೆ ಮೇಲೆ ಬಿಳಿ ಚುಕ್ಕೆ ಇತ್ತು."

"ಕಿಟ್ಟೀ" ಎಂದರು ಅಪ್ಪ, ಇಡೀ ಕ್ರಾಸಿಗೆ ಕೇಳುವಂತೆ. "ಇಳ್ಸೋ ಕೆಳಕ್ಕೆ. ಚುಕ್ಕೆ ಹಾಕಿಸ್ಕೊಂಡು ಬಾ."